ತಾಳಿದವನು ಬಾಳಿಯಾನು

'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ನಮ್ಮ ಹಿರಿಯರು ಬಹುಮಟ್ಟಿಗೆ ಅತ್ತೆಯ ಮನೆಯಲ್ಲಿ ನೊಂದ ಸೊಸೆಗೂ ಧಣಿಯ ಅಂಗಳದಲ್ಲಿ ಬೆಂದ ಒಕ್ಕಲಿನವನಿಗೂ ಹೇಳುತ್ತ ಬಂದರು; ಹೊಡೆಯುವವನಿಗೆ ಹೇಳಿದವರು ವಿರಳ. ಗಾದೆಗೆ ಅಪಖ್ಯಾತಿ ಬಂದುದು ಈ ದುರುಪಯೋಗದಿಂದಲೇ ಎಂದು ನನ್ನ ಭಾವನೆ. ಆದರೆ 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಪಣಂಬೂರಿನ ನವಮಂಗಳೂರು ಬಂದರಿನ ಬಾಯಿಯ ಇಕ್ಕೆಲಗಳಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಲ್ಲಿನ ತಡೆಗೋಡೆಗಳನ್ನು ಆಷಾಢದ ಅಬ್ಬರದಲ್ಲಿ ಕಂಡವರಿಗೆ ಆ ಮಾತು ಬೇರೊಂದು ಬಗೆಯಾಗಿ ಹೊಳೆದೀತು. ಆ ಗೋಡೆ ತೆರೆಯ ಪೆಟ್ಟನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತದೆ, ಒಳಕ್ಕೆ ಮಾತ್ರ ಬಿಡುವುದಿಲ್ಲ. ಅದರ ತಾಳ್ಮೆಯ ಫಲವನ್ನುಣ್ಣತಕ್ಕವು ಬೆನ್ನ ಹಿಂದಿನ ಹಡಗುಗಳು.

ಪೆಟ್ಟನ್ನು ತಾಳಿಯೂ ತಡೆಯುವ ಈ ಬಗೆ ಸುವಾರ್ತೆಯಲ್ಲಿಯೂ ಉಂಟು. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನು ಒಡ್ಡೆಂದು ಬೋಧಿಸಿದ ಕ್ರಿಸ್ತನು, ಮಹಾಯಾಜಕನ ಮುಂದೆ ಕಟ್ಟುಬಿದ್ದು ನಿಂತಿದ್ದಾಗ ಊಳಿಗದವನೊಬ್ಬನು ತನ್ನ ಕೆನ್ನೆಗೇ ಹೊಡೆಯಲು, ಕೈಯೆತ್ತಲೂ ಇಲ್ಲ, ಬಾಯಿ ಮುಚ್ಚಿಕೊಂಡಿರಲೂ ಇಲ್ಲ. ನಾನು ಆಡಿದ್ದರಲ್ಲಿ ತಪ್ಪೇನೆಂದು ತೋರಿಸು, ತಪ್ಪಿಲ್ಲವಾದರೆ ಹೊಡೆದುದೇಕೆ ಎಂಬ ಅರ್ಥದಲ್ಲಿ ಕೇಳಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಬೋಧನೆಗೆ ಬೋಧಕನೇ ಬರೆದ ಭಾಷ್ಯವಿದು. ಪ್ರತೀಕಾರವನ್ನು ತೊರೆದವನು ಪ್ರಶ್ನೆಯನ್ನು ತೊರೆಯಬೇಕಾಗಿಲ್ಲ.

ಈ ಭಾಷ್ಯದ ಪರೀಕ್ಷೆ ಮಂಗಳೂರಿನಲ್ಲಿ 2008ರ ಸೆಪ್ಟೆಂಬರ್ 14ರ ಭಾನುವಾರ ನಡೆಯಿತು. ಮಿಲಾಗ್ರಿಸ್ ಇಗರ್ಜಿಯ ಸಮೀಪದಲ್ಲಿ, ಲೋಕದ ಗೊಡವೆಯಿಲ್ಲದೆ ಪ್ರಾರ್ಥನೆಯಲ್ಲೇ ಕಾಲ ಕಳೆಯುವ ಸಂನ್ಯಾಸಿನಿಯರ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆಯನ್ನೂ ಪರಮಪ್ರಸಾದದ ಪೆಟ್ಟಿಗೆಯನ್ನೂ ಭಂಗಗೊಳಿಸಿದರು. ಕುಲಶೇಖರದಲ್ಲಿ, ಪೆರ್ಮನ್ನೂರಿನಲ್ಲಿ ಕ್ರೈಸ್ತರು ಬೀದಿಗಿಳಿದರು. ಪೊಲೀಸರ ಲಾಠಿಯೂ ಬೀಸಿತು, ಕಲ್ಲೂ ತೂರಿಬಂತು. ಕಲ್ಲೆತ್ತಿಕೊಂಡ ತರುಣನ ಸಂಕಟ ನನಗೆ ತಿಳಿಯದ್ದಲ್ಲ, ಆದರೆ ಆ ಕಲ್ಲು ಪ್ರಶ್ನೆಯನ್ನು ಮಸುಕುಗೊಳಿಸಿತು. ಬಿಷಪ್ ಅಲೋಷಿಯಸ್ ಪಾವ್ಲ್ ಡಿಸೋಜರು ಶಾಂತಿಗಾಗಿ ಮನವಿ ಮಾಡಿದರು. ಈ ದಾಳಿಗಳ ತನಿಖೆ ನಡೆಸಿದ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗವು 2011ರಲ್ಲಿ ಕೊಟ್ಟ ಅಂತಿಮ ವರದಿಯನ್ನು ಕ್ರೈಸ್ತ ಮುಖಂಡರು ಒಪ್ಪಲಿಲ್ಲ. ಒಪ್ಪದಿರುವುದನ್ನು ಬಹಿರಂಗವಾಗಿಯೇ ಹೇಳಿದರು. ಕ್ಷಮೆಯೂ ಅಸಮ್ಮತಿಯೂ ಒಂದೇ ಮನೆಯಲ್ಲಿ ವಾಸಿಸಬಲ್ಲವು.

ಕಲ್ಲೆತ್ತುವುದಕ್ಕಿಂತ ಸೂಕ್ಷ್ಮವಾದ ಪ್ರಲೋಭನವೊಂದುಂಟು. 1784ರಲ್ಲಿ ಟಿಪ್ಪುಸುಲ್ತಾನನ ಅಪ್ಪಣೆಯಂತೆ ಈ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಸತ್ತು, 1799ರ ಬಳಿಕ ಉಳಿದವರು ಹಿಂದಿರುಗಿ, ಕೆಡವಲ್ಪಟ್ಟ ಇಗರ್ಜಿಗಳನ್ನು ಮರಳಿ ಎಬ್ಬಿಸಿದರು. ಆ ದುಃಖ ದಿಟವಾದುದು, ಸ್ಮರಣೀಯವಾದುದು. ಆದರೆ ಅದನ್ನು ಇಂದಿನ ಮುಸಲ್ಮಾನ ನೆರೆಯವನ ವಿರುದ್ಧ ಪ್ರಯೋಗಿಸಲು ಬಯಸುವವರು ಬಂದು, ನಿಮ್ಮ ಗಾಯವೂ ನಮ್ಮದೇ ಎನ್ನುವಾಗ, ಪೂರ್ವಜರ ಕಣ್ಣೀರನ್ನು ಪರರ ಹಗೆತನಕ್ಕೆ ಕಡವಾಗಿ ಕೊಡತಕ್ಕುದಲ್ಲ.

ಕೊಟ್ಟಾರದಿಂದ ಸುರತ್ಕಲ್ಲಿಗೆ ಹೋಗುವ ಹೆದ್ದಾರಿ ಆ ತಡೆಗೋಡೆಗಳಿರುವ ಪಣಂಬೂರನ್ನು ಹಾದೇ ಹೋಗಬೇಕು; ನೆರೆಯವರ ಮೇಲೆ ಪೆಟ್ಟು ಬಿದ್ದುದೂ ಈ ದಾರಿಯ ಆಸುಪಾಸಿನಲ್ಲೇ. 2018ರ ಜನವರಿ 3ರಂದು ಕಾಟಿಪಳ್ಳದಲ್ಲಿ ಹಿಂದೂ ತರುಣನೊಬ್ಬನು ಕೊಲೆಯಾದನು. ಅಂದೇ ರಾತ್ರಿ ಕೊಟ್ಟಾರಚೌಕಿಯಲ್ಲಿ ಕಡಿಯಲ್ಪಟ್ಟ ಮುಸಲ್ಮಾನರೊಬ್ಬರು ಕೆಲವು ದಿನಗಳಲ್ಲಿ ಅಸುನೀಗಿದರು. 2022ರ ಜುಲೈ 28ರಂದು ಸುರತ್ಕಲ್ಲಿನಲ್ಲಿ ಇನ್ನೊಬ್ಬ ಮುಸಲ್ಮಾನ ತರುಣನ ಕೊಲೆ. ಸತ್ತವರಲ್ಲಿ ನಮ್ಮವರಿಲ್ಲವಲ್ಲ ಎಂದು ಬಾಗಿಲೆಳೆದುಕೊಂಡು, ಅದಕ್ಕೆ ಶಾಂತಿಪ್ರಿಯತೆಯೆಂಬ ಹೆಸರನ್ನಿಡುವುದು ಎಷ್ಟು ಸುಲಭ! ತನ್ನ ಮೇಲೆ ಬಿದ್ದ ಪೆಟ್ಟನ್ನು ತಾಳಲು ಕ್ರೈಸ್ತನಿಗೆ ಅಧಿಕಾರವುಂಟು. ನೆರೆಯವನ ಮೇಲೆ ಬಿದ್ದುದನ್ನು ತಾಳಿಕೊಂಡಿರಲು ಅವನಿಗೆ ಅಧಿಕಾರ ಕೊಟ್ಟವರಾರು? ಮುಂದೆ ಇಂತಹ ಸಾವು ಸಂಭವಿಸಿದರೆ, ಈ ಸೀಮೆಯ ಇಗರ್ಜಿಗಳ ಗುರುಗಳೂ ಹಿರಿಯರೂ ತರುಣರೂ, ಸತ್ತವನ ಧರ್ಮವನ್ನು ವಿಚಾರಿಸದೆ, ಮೊದಲ ದಿನವೇ ಆ ಮನೆಯ ಅಂಗಳಕ್ಕೆ ಹೋಗಿ ಕುಳಿತುಕೊಳ್ಳಲಿ. ಕಣ್ಣಾರೆ ಕಂಡವನು ಸಾಕ್ಷಿ ಹೇಳಲು ಅಂಜುತ್ತಿದ್ದರೆ ಅವನೊಡನೆ ನ್ಯಾಯಾಲಯದ ಮೆಟ್ಟಿಲು ಹತ್ತಲಿ.