ಯು-ಟರ್ನ್ ಮತ್ತು ತೌಬಾ

ವಾಹನ ಚಾಲನೆಯ ಎಷ್ಟೋ ಪದಗಳು ಇಂದು ನಮ್ಮ ಮನೆಮಾತಿನಲ್ಲಿ ಬೆರೆತುಹೋಗಿವೆ. ಅತಿಯಾಗಿ ಮಾತಾಡುವವನಿಗೆ 'ಸ್ವಲ್ಪ ಬ್ರೇಕ್ ಹಾಕು' ಎನ್ನುತ್ತೇವೆ. ನಡೆಯುತ್ತಿದ್ದ ಕೆಲಸ ಕೆಟ್ಟರೆ 'ಪಂಕ್ಚರ್ ಆಯಿತು' ಎನ್ನುತ್ತೇವೆ. ಅಂತಹ ಪದಗಳಲ್ಲೊಂದು ಯು-ಟರ್ನ್. ರಸ್ತೆಯಲ್ಲಿ ಅದರ ಅರ್ಥ ಸರಳ. ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಪೂರ್ತಿ ತಿರುಗಿ, ಬಂದ ದಿಕ್ಕಿಗೇ ಮರಳಿ ಹೊರಡುವುದು. ಪತ್ರಿಕೆಗಳಲ್ಲಿ ಮಾತ್ರ ಅದರ ಅರ್ಥ ಬೇರೆ. ನಿನ್ನೆ ಹೇಳಿದ ಮಾತನ್ನು ಇಂದು ಅಲ್ಲಗಳೆಯುವ ರಾಜಕಾರಣಿ 'ಯು-ಟರ್ನ್ ಹೊಡೆದ' ಎಂದು ಸುದ್ದಿಯಾಗುತ್ತದೆ. ಅಲ್ಲಿ ಅದೊಂದು ಮೂದಲಿಕೆ. ಮಾತಿಗೆ ನಿಲ್ಲದವನು, ನಂಬಿಕೆಗೆ ಅರ್ಹನಲ್ಲದವನು ಎಂದರ್ಥ.

ಆದರೆ ಓದುಗರೇ, ಸ್ವಲ್ಪ ಯೋಚಿಸಿ ನೋಡಿ. ಹಿಂತಿರುಗುವುದು ಎಲ್ಲ ಸಂದರ್ಭಗಳಲ್ಲೂ ನಾಚಿಕೆಗೇಡೇ? ಚಾಮರಾಜಪೇಟೆಗೆ ಹೋಗಬೇಕಾದವನು ದಾರಿ ತಪ್ಪಿ ಮಲ್ಲೇಶ್ವರದ ಕಡೆಗೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ದಾರಿ ತಪ್ಪಿದ್ದು ಗೊತ್ತಾದ ಮೇಲೂ 'ಇಟ್ಟ ಹೆಜ್ಜೆ ಹಿಂದಿಡುವವನಲ್ಲ ನಾನು' ಎಂದು ಅವನು ಮುಂದಕ್ಕೇ ಸಾಗಿದರೆ ಅವನನ್ನು ದೃಢಚಿತ್ತನೆಂದು ಹೊಗಳುತ್ತೀರಾ? ತಿರುಗುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಎಲ್ಲಿಂದ ಎಲ್ಲಿಗೆ ತಿರುಗುತ್ತೇವೆ ಎಂಬುದನ್ನು ಅವಲಂಬಿಸಿದೆ.

ಪವಿತ್ರ ಕುರ್‌ಆನ್ ಈ ಎರಡು ಬಗೆಯ ತಿರುವುಗಳನ್ನೂ ನಮಗೆ ಪರಿಚಯಿಸುತ್ತದೆ. ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರವರು ಹತರಾದರೆಂಬ ಸುಳ್ಳು ವದಂತಿ ಹಬ್ಬಿದಾಗ ಕೆಲವರ ಕಾಲು ನಡುಗಿತು. ಪ್ರವಾದಿಯವರು ಮರಣ ಹೊಂದಿದರೆ ಅಥವಾ ಹತರಾದರೆ ನೀವು ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ತಿರುಗಿಬಿಡುತ್ತೀರಾ ಎಂದು ಆಲಿ ಇಮ್ರಾನ್ ಅಧ್ಯಾಯದ 144ನೆಯ ಸೂಕ್ತವು ವಿಶ್ವಾಸಿಗಳನ್ನು ಪ್ರಶ್ನಿಸಿತು. ಇದು ಸತ್ಯದಿಂದ ಅಸತ್ಯಕ್ಕೆ ತಿರುಗುವ ತಿರುವು. ಪತ್ರಿಕೆಗಳು ಮೂದಲಿಸುವುದಕ್ಕಿಂತ ಎಷ್ಟೋ ಕಠೋರವಾಗಿ ಕುರ್‌ಆನ್ ಅದನ್ನು ಖಂಡಿಸುತ್ತದೆ. ಇನ್ನೊಂದು ತಿರುವು ಪಾಪದಿಂದ ಅಲ್ಲಾಹನೆಡೆಗೆ ತಿರುಗುವುದು. ಅದರ ಹೆಸರು ತೌಬಾ.

'ತೌಬಾ' ಎಂಬ ಅರಬಿ ಪದದ ಮೂಲಾರ್ಥವೇ ಮರಳುವುದು. ಕನ್ನಡದಲ್ಲಿ ನಾವು ಅದನ್ನು ಪಶ್ಚಾತ್ತಾಪ ಎನ್ನುತ್ತೇವೆ. ಪಶ್ಚಾತ್ ಎಂದರೆ ಅನಂತರ, ತಾಪ ಎಂದರೆ ಬೇಗೆ. ತಪ್ಪು ಮಾಡಿದ ಮೇಲೆ ಎದೆಯಲ್ಲಿ ಏಳುವ ಬೇಗೆಯೇ ಪಶ್ಚಾತ್ತಾಪ. ಅದು ಬಹಳ ಅಮೂಲ್ಯವಾದುದು. ಆದರೆ ಅದು ತೌಬಾದ ಒಂದು ಭಾಗ ಮಾತ್ರ. ದಾರಿ ತಪ್ಪಿದ ಸವಾರನು 'ಅಯ್ಯೋ, ತಪ್ಪಾಯಿತು' ಎಂದು ಹಲುಬುತ್ತಲೇ ಅದೇ ರಸ್ತೆಯಲ್ಲಿ ಮುಂದುವರಿದರೆ ಊರು ಸೇರುತ್ತಾನೆಯೇ? ಅವನ ಕಣ್ಣೀರು ನಿಜವಾದದ್ದೇ ಇರಬಹುದು. ಹ್ಯಾಂಡಲ್ ಮಾತ್ರ ತಿರುಗಿಲ್ಲ. ನಮ್ಮಲ್ಲಿ ಎಷ್ಟೋ ಜನರ ತೌಬಾ ಹೀಗೆಯೇ ನಾಲಗೆಯಲ್ಲೂ ಕಣ್ಣಿನಲ್ಲೂ ನಿಂತುಬಿಡುತ್ತದೆ.

ಯು-ಟರ್ನ್ ತೆಗೆದುಕೊಳ್ಳುವುದಕ್ಕೂ ಒಂದು ಕ್ರಮವಿದೆ. ನಮ್ಮ ದೇಶದಲ್ಲಿ 1989ರಲ್ಲಿ ಬಂದು, 2017ರಲ್ಲಿ ಹೊಸ ನಿಯಮಗಳು ಬರುವವರೆಗೆ ಜಾರಿಯಲ್ಲಿದ್ದ ರಸ್ತೆ ನಿಯಮಾವಳಿಯು ಅದನ್ನು ಸ್ಪಷ್ಟವಾಗಿ ಹೇಳಿತ್ತು. ನಿಷೇಧವಿರುವಲ್ಲಿಯೂ ವಾಹನ ದಟ್ಟಣೆಯ ರಸ್ತೆಯಲ್ಲಿಯೂ ತಿರುಗಬಾರದು. ಅವಕಾಶವಿರುವಲ್ಲಿ ಬಲಕ್ಕೆ ತಿರುಗುವವನಂತೆ ಕೈ ತೋರಿಸಬೇಕು, ಕನ್ನಡಿಯಲ್ಲಿ ಹಿಂದೆ ನೋಡಬೇಕು, ರಸ್ತೆ ಸುರಕ್ಷಿತವೆಂದು ಖಾತ್ರಿಯಾದ ಮೇಲೆಯೇ ತಿರುಗಬೇಕು. ಅಂದರೆ ತಿರುಗುವವನು ತನ್ನ ಅನುಕೂಲವನ್ನಷ್ಟೇ ನೋಡಿದರೆ ಸಾಲದು. ತನ್ನ ತಿರುವಿನಿಂದ ಇನ್ನೊಬ್ಬನಿಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು.

ತೌಬಾಕ್ಕೂ ವಿದ್ವಾಂಸರು ಷರತ್ತುಗಳನ್ನು ವಿವರಿಸಿದ್ದಾರೆ. ಹಿಜರಿ ಏಳನೆಯ ಶತಮಾನದ ಮಹಾನ್ ವಿದ್ವಾಂಸ ಇಮಾಮ್ ನವವಿ(ರ)ಯವರು 'ರಿಯಾಝುಸ್ಸಾಲಿಹೀನ್' ಗ್ರಂಥದಲ್ಲಿ ಅವುಗಳನ್ನು ಕ್ರಮವಾಗಿ ನೀಡಿದ್ದಾರೆ. ಪಾಪವನ್ನು ತಕ್ಷಣ ಬಿಟ್ಟುಬಿಡಬೇಕು. ಮಾಡಿದ್ದಕ್ಕೆ ಮನಸಾರೆ ನೊಂದುಕೊಳ್ಳಬೇಕು. ಮತ್ತೆಂದೂ ಅದರತ್ತ ಹೋಗುವುದಿಲ್ಲವೆಂದು ನಿರ್ಧರಿಸಬೇಕು. ಪಾಪವು ದಾಸ ಮತ್ತು ಅಲ್ಲಾಹನ ನಡುವಿನದ್ದಾಗಿದ್ದರೆ ಈ ಮೂರು ಸಾಕು. ಆದರೆ ಅದು ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯ ಷರತ್ತೊಂದು ಸೇರಿಕೊಳ್ಳುತ್ತದೆ. ಆ ಮನುಷ್ಯನ ಹಕ್ಕನ್ನು ಅವನಿಗೆ ಮರಳಿಸಬೇಕು, ಇಲ್ಲವೇ ಅವನಿಂದ ಕ್ಷಮೆ ಪಡೆಯಬೇಕು. ಮೊದಲ ಮೂರನ್ನು ಮನೆಯ ಬಾಗಿಲು ಮುಚ್ಚಿಕೊಂಡು ಒಬ್ಬರೇ ಮಾಡಬಹುದು. ನಾಲ್ಕನೆಯದಕ್ಕೆ ಬಾಗಿಲು ತೆರೆದು ಇನ್ನೊಬ್ಬರ ಮನೆಗೆ ಹೋಗಬೇಕಾಗುತ್ತದೆ. ನಾವು ಹಿಂಜರಿಯುವುದು ಅಲ್ಲಿಯೇ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಬಸವನಗುಡಿಯ ಪಕ್ಕದ ಲಾಲ್‌ಬಾಗ್‌ಗೆ ಹತ್ತಿರದಲ್ಲಿ ಡಬಲ್ ರೋಡ್ ಮೇಲ್ಸೇತುವೆ ಇದೆ. ಸೇತುವೆಯ ತುದಿಯವರೆಗೂ ಹೋಗಿ ತಿರುಗಲು ಬೇಸರಪಟ್ಟ ಕೆಲವು ದ್ವಿಚಕ್ರ ಸವಾರರು ನಡುವೆ ಇಟ್ಟ ಕಾಂಕ್ರೀಟ್ ಕಲ್ಲುಗಳನ್ನು ಸರಿಸಿ ಅಲ್ಲಿಯೇ ತಿರುಗಿಕೊಳ್ಳುವ ಅಭ್ಯಾಸವೇ 2016ರಲ್ಲಿ ಪವನ್ ಕುಮಾರ್ ನಿರ್ದೇಶಿಸಿದ 'ಯು ಟರ್ನ್' ಎಂಬ ಕನ್ನಡ ಚಲನಚಿತ್ರಕ್ಕೆ ವಸ್ತುವಾಯಿತು. ಆ ಕಥೆಯಲ್ಲಿ ಬರುವ ಪ್ರೇತದ ಕಲ್ಪನೆ ನಮಗೆ ಬೇಕಾಗಿಲ್ಲ. ಆದರೆ ಆ ಕಲ್ಲು ನಮಗೆ ಬೇಕು. ಸವಾರನು ಕಲ್ಲನ್ನು ಸರಿಸಿ ತಿರುಗಿ ಹೋಗುತ್ತಾನೆ. ಅವನಿಗೆ ಕೆಲವು ನಿಮಿಷಗಳ ಲಾಭ. ಸರಿಸಿದ ಕಲ್ಲು ಮಾತ್ರ ರಸ್ತೆಯಲ್ಲೇ ಉಳಿಯುತ್ತದೆ. ಹಿಂದಿನಿಂದ ಬರುವ ಯಾವುದೋ ಅಮಾಯಕ ಜೀವಕ್ಕೆ ಅದು ಢಿಕ್ಕಿಯಾಗುತ್ತದೆ. ಆಗ ಆ ಸವಾರ ಮನೆಯಲ್ಲಿ ಊಟ ಮಾಡುತ್ತಿರಬಹುದು, ನಮಾಝ್ ಮಾಡುತ್ತಿರಲೂಬಹುದು.

ದಾರಿಯಲ್ಲಿರುವ ತೊಂದರೆಯನ್ನು ನಿವಾರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಬೇರೆ ಯಾರೋ ಹಾಕಿದ ಮುಳ್ಳನ್ನು ತೆಗೆಯುವುದೇ ಈಮಾನಿನ ಭಾಗವಾಗಿರುವಾಗ, ನಮ್ಮ ಕೈಯಾರೆ ಸರಿಸಿದ ಕಲ್ಲನ್ನು ಅಲ್ಲೇ ಬಿಟ್ಟು ಹೋಗುವುದಕ್ಕೆ ಏನೆನ್ನಬೇಕು?

ಈಗ ನಮ್ಮ ನಮ್ಮ ಮನೆಗಳ ಕಡೆಗೆ ನೋಡೋಣ. ತಂದೆ ತೀರಿಕೊಂಡಿದ್ದಾರೆ. ಒಂದು ಮನೆ ಬಿಟ್ಟುಹೋಗಿದ್ದಾರೆ. ಗಂಡುಮಕ್ಕಳು ಹಂಚಿಕೊಳ್ಳುತ್ತಾರೆ. ತಂಗಿಯ ಮುಂದೆ ಹಕ್ಕು ಬಿಡುಗಡೆ ಪತ್ರ ಬರುತ್ತದೆ. 'ನಿನ್ನ ಮದುವೆಗೆ ಅಷ್ಟು ಖರ್ಚು ಮಾಡಿದೆವಲ್ಲ' ಎಂದು ಒಬ್ಬರು ನೆನಪಿಸುತ್ತಾರೆ. 'ತವರಿನ ಬಾಗಿಲು ಬೇಡವೇ ನಿನಗೆ?' ಎಂದು ಇನ್ನೊಬ್ಬರು ಕೇಳುತ್ತಾರೆ. ಅವಳು ಅಣ್ಣಂದಿರ ಮುಖ ನೋಡಿ ಸಹಿ ಹಾಕುತ್ತಾಳೆ. ಹೊರಗೆ ಬಂದು 'ತಂಗಿ ಸಂತೋಷದಿಂದ ಬಿಟ್ಟುಕೊಟ್ಟಳು' ಎನ್ನುತ್ತೇವೆ. ಅನ್ನಿಸಾ ಅಧ್ಯಾಯದ 7ನೆಯ ಸೂಕ್ತವು ತಂದೆತಾಯಿ ಬಿಟ್ಟುಹೋದ ಸೊತ್ತು ಅಲ್ಪವಿರಲಿ ಅಧಿಕವಿರಲಿ, ಅದರಲ್ಲಿ ಸ್ತ್ರೀಯರಿಗೂ ನಿಶ್ಚಿತ ಪಾಲಿದೆ ಎನ್ನುತ್ತದೆ. 11 ಮತ್ತು 12ನೆಯ ಸೂಕ್ತಗಳು ಪಾಲುಗಳನ್ನು ಎಣಿಸಿ ಹೇಳುತ್ತವೆ. ಆ ಬಳಿಕದ ಎರಡು ಸೂಕ್ತಗಳು ಇವು ಅಲ್ಲಾಹನು ಹಾಕಿದ ಎಲ್ಲೆಗಳೆಂದು ತಿಳಿಸಿ, ಎಲ್ಲೆ ಮೀರಿದವರಿಗೆ ನರಕದ ಎಚ್ಚರಿಕೆ ನೀಡುತ್ತವೆ. ನಾವು ಸರಿಸಿದ ಕಲ್ಲು ಇದೇ. ಅದನ್ನು ಸರಿಸಿ ನಮ್ಮ ವಾಹನ ಸುಲಭವಾಗಿ ತಿರುಗಿತು. ತಂಗಿಯ ಬದುಕು ಅದಕ್ಕೆ ಬಡಿಯಿತು.

ವರ್ಷಗಳು ಕಳೆದ ಮೇಲೆ ಆ ಅಣ್ಣ ಹಜ್ ಯಾತ್ರೆಗೆ ಹೊರಡುತ್ತಾನೆ. ಬಂಧುಬಳಗಕ್ಕೆಲ್ಲ ಫೋನ್ ಮಾಡಿ 'ಕಹಾ ಸುನಾ ಮಾಫ್ ಕರೋ' ಎನ್ನುತ್ತಾನೆ. ಆಡಿದ್ದು, ಕೇಳಿದ್ದು ಎಲ್ಲ ಕ್ಷಮಿಸಿ ಎಂದರ್ಥ. ಸುಂದರವಾದ ಸಂಪ್ರದಾಯ. ಆದರೆ ಆಡಿದ್ದಕ್ಕೆ ಕ್ಷಮೆ ಕೇಳಿದ ಮಾತ್ರಕ್ಕೆ ತೆಗೆದುಕೊಂಡದ್ದು ನಮ್ಮದಾಗುತ್ತದೆಯೇ? ತಂಗಿಯೂ ಫೋನಿನಲ್ಲಿ 'ಮಾಫ್ ಮಾಡಿದೆ' ಎನ್ನುತ್ತಾಳೆ. ಹಜ್‌ಗೆ ಹೊರಟ ಅಣ್ಣನಿಗೆ ಬೇರೇನು ಹೇಳಿಯಾಳು? ನೂರು ಇಲಿ ತಿಂದ ಬೆಕ್ಕು ಹಜ್‌ಗೆ ಹೊರಟಿತು ಎಂಬ ಗಾದೆಯನ್ನು ಜನರು ಇಂಥ ಸಂದರ್ಭದಲ್ಲಿ ಆಡಿಕೊಳ್ಳುತ್ತಾರೆ. ನಿಜವಾಗಿ ಮರಳಿ ಬಂದವನಿಗೆ ಆ ಗಾದೆಯನ್ನು ಅನ್ವಯಿಸುವುದು ಅನ್ಯಾಯ. ಎಷ್ಟು ದೊಡ್ಡ ಪಾಪಿಯೇ ಆಗಲಿ, ತೌಬಾ ಮಾಡಿದವನನ್ನು ಹಿಂದಿನದನ್ನು ಎತ್ತಿ ಮೂದಲಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ತಿಂದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹೊರಟವನಿಗೆ ಆ ಗಾದೆ ಚುಚ್ಚಿದರೆ ತಪ್ಪೇನು?

ನನ್ನ ಸಮುದಾಯದಲ್ಲಿ ದಿವಾಳಿ ಯಾರೆಂದು ಪ್ರವಾದಿ(ಸ)ರವರು ಒಮ್ಮೆ ಅನುಚರರನ್ನು ಕೇಳಿದರು. ಹಣವೂ ಸೊತ್ತೂ ಇಲ್ಲದವನು ಎಂದು ಅವರು ಉತ್ತರಿಸಿದರು. ಆಗ ಪ್ರವಾದಿಯವರು, ಪುನರುತ್ಥಾನ ದಿನದಂದು ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ, ಒಬ್ಬನನ್ನು ಬೈದು, ಒಬ್ಬನ ಮೇಲೆ ಆರೋಪ ಹೊರಿಸಿ, ಒಬ್ಬನ ಸೊತ್ತನ್ನು ತಿಂದು ಬಂದವನೇ ದಿವಾಳಿ ಎಂದು ವಿವರಿಸಿದರು. ಅವನ ಪುಣ್ಯಗಳು ಅವರಿಗೆ ಹಂಚಿಹೋಗುತ್ತವೆ. ಪುಣ್ಯ ಮುಗಿದರೆ ಅವರ ಪಾಪಗಳು ಅವನ ಮೇಲೆ ಬೀಳುತ್ತವೆ. ಇಮಾಮ್ ಮುಸ್ಲಿಮ್(ರ) ಇದನ್ನು ವರದಿ ಮಾಡಿದ್ದಾರೆ. ಅನ್ಯಾಯವಾಗಿ ಒಂದು ಗೇಣು ಭೂಮಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ನೊಗ ಬೀಳುವುದೆಂಬ ಎಚ್ಚರಿಕೆಯೂ ಹದೀಸ್‌ಗಳಲ್ಲಿದೆ. ಒಂದು ಗೇಣು! ನಾವು ನುಂಗಿದ ಕೋಣೆಗಳನ್ನೂ ಅಂಗಡಿ ಮಳಿಗೆಗಳನ್ನೂ ಗೇಣಿನಲ್ಲಿ ಅಳೆದು ನೋಡೋಣ.

ಇದನ್ನೋದಿ ಯಾರೂ ನಿರಾಶರಾಗಬೇಕಾಗಿಲ್ಲ. ಗೇಣಿನ ಇನ್ನೊಂದು ಕಥೆಯೂ ನಮ್ಮ ಮುಂದಿದೆ. ತೊಂಬತ್ತೊಂಬತ್ತು ಮಂದಿಯನ್ನು ಕೊಂದ ಒಬ್ಬ ಮನುಷ್ಯನ ವೃತ್ತಾಂತವನ್ನು ಪ್ರವಾದಿ(ಸ)ರವರು ತಿಳಿಸಿದ್ದಾರೆ. ನಿನಗೆ ತೌಬಾ ಇಲ್ಲವೆಂದ ಸನ್ಯಾಸಿಯನ್ನೂ ಕೊಂದು ಅವನು ನೂರು ಪೂರ್ತಿ ಮಾಡಿದ. ಆಮೇಲೆ ಒಬ್ಬ ವಿದ್ವಾಂಸನು ಅವನಿಗೆ ತೌಬಾದ ಬಾಗಿಲು ತೆರೆದಿದೆಯೆಂದು ತಿಳಿಸಿ, ಕೆಟ್ಟ ಊರನ್ನು ಬಿಟ್ಟು ಸಜ್ಜನರ ಊರಿಗೆ ಹೋಗುವಂತೆ ಸೂಚಿಸಿದ. ಅವನು ಹೊರಟ. ಅರ್ಧ ದಾರಿಯಲ್ಲಿ ಮರಣ ಬಂತು. ಕರುಣೆಯ ಮಲಕ್‌ಗಳೂ ಶಿಕ್ಷೆಯ ಮಲಕ್‌ಗಳೂ ಅವನಿಗಾಗಿ ವಾದಿಸಿದರು. ದಾರಿಯನ್ನು ಅಳೆದಾಗ ಅವನು ಸಜ್ಜನರ ಊರಿಗೆ ಒಂದು ಗೇಣು ಹತ್ತಿರವಿದ್ದ. ಕರುಣೆಯ ಮಲಕ್‌ಗಳು ಅವನನ್ನು ಕೊಂಡೊಯ್ದರು.

ಇಲ್ಲೊಂದು ಪ್ರಶ್ನೆ ಏಳಬಹುದು. ಅವನು ಯಾರ ಹಕ್ಕನ್ನೂ ಮರಳಿಸಲಿಲ್ಲವಲ್ಲ, ನಾವೇಕೆ ಮರಳಿಸಬೇಕು? ಓದುಗರೇ, ಸತ್ತವರನ್ನು ಬದುಕಿಸುವ ಶಕ್ತಿ ಅವನಿಗಿರಲಿಲ್ಲ. ಅವನ ಕೈಯಲ್ಲಿದ್ದದ್ದು ನಡಿಗೆಯೊಂದೇ. ಅದನ್ನು ಅವನು ಕೊನೆಯುಸಿರಿನವರೆಗೂ ನಡೆದ. ನಮ್ಮ ಕೈಯಲ್ಲಿರುವುದು ಮರಳಿಸಬಹುದಾದ ಸೊತ್ತು. ಮರಳಿಸಲು ಸಾಧ್ಯವಿದ್ದೂ ಹಿಡಿದುಕೊಂಡವನು ಅವನ ಉದಾಹರಣೆ ಕೊಡುವಂತಿಲ್ಲ.

ಹಾಗಾದರೆ ಏನು ಮಾಡೋಣ? ಮೊದಲು ಲೆಕ್ಕ ಹಾಕೋಣ. ಯಾರ ಪಾಲು ನಮ್ಮಲ್ಲಿದೆ? ಪತ್ನಿಯ ಮಹ್ರ್ ಕೊಟ್ಟಾಗಿದೆಯೇ? ಮದುವೆಯಲ್ಲಿ ಹೆಣ್ಣಿನ ತಂದೆಯನ್ನು ಪೀಡಿಸಿ ಪಡೆದದ್ದೇನಾದರೂ ಇದೆಯೇ? ಒಮ್ಮೆಲೇ ಕೊಡಲಾಗದಿದ್ದರೆ ಒಪ್ಪಿಸಿಕೊಂಡು ಕಂತುಗಳಲ್ಲಿ ಕೊಡೋಣ. ಹಕ್ಕುದಾರರು ತೀರಿಕೊಂಡಿದ್ದರೆ ಅವರ ವಾರಸುದಾರರನ್ನು ಹುಡುಕೋಣ. ತಂಗಿ ನಿಜವಾಗಿಯೂ ಬಿಟ್ಟುಕೊಡುವವಳಾದರೆ ಮೊದಲು ಅವಳ ಪಾಲು ಅವಳ ಕೈಸೇರಲಿ. ಆ ಮೇಲೆ ಅವಳು ಕೊಟ್ಟರೆ ಅದು ಕೊಡುಗೆ. ಮಾತಿನಿಂದ ಒಬ್ಬರ ಮಾನ ಕಳೆದಿದ್ದರೆ, ಯಾವ ಜನರ ಮುಂದೆ ಕಳೆದೆವೋ ಅವರ ಮುಂದೆಯೇ ಅವರ ಒಳಿತನ್ನು ಹೇಳೋಣ.

ಮತ್ತೆ, ತಡ ಮಾಡದಿರೋಣ. 1999ರಲ್ಲಿ ಸಂಚಾರಕ್ಕೆ ತೆರೆದ, ಕೆ.ಆರ್. ಮಾರುಕಟ್ಟೆಯನ್ನು ದಾಟಿ ಸಿರ್ಸಿ ವೃತ್ತದ ಕಡೆಗೆ ಹೋಗುವ ಮೇಲ್ಸೇತುವೆ ನಿಮಗೆ ಗೊತ್ತಿದೆ. ಅದನ್ನು ಏರುವ ಮೊದಲು ತಿರುಗುವ ಅವಕಾಶವಿರುತ್ತದೆ. ಏರಿದ ಮೇಲೆ ಕೆಳಗೆ ನಮ್ಮ ಬೀದಿ ಕಾಣುತ್ತಿದ್ದರೂ ನಡುವೆ ತಿರುಗಲಾಗುವುದಿಲ್ಲ. ತೌಬಾದ ಬಾಗಿಲೂ ಹಾಗೆಯೇ. ಅಜ್ಞಾನದಿಂದ ತಪ್ಪು ಮಾಡಿ ಬೇಗನೆ ಮರಳುವವರ ತೌಬಾವನ್ನು ಅಲ್ಲಾಹನು ಸ್ವೀಕರಿಸುವನೆಂದೂ, ಮರಣ ಎದುರು ಬಂದು ನಿಂತಾಗ 'ಈಗ ತೌಬಾ ಮಾಡಿದೆ' ಎನ್ನುವವರಿಗೆ ಅದಿಲ್ಲವೆಂದೂ ಅನ್ನಿಸಾ ಅಧ್ಯಾಯದ 17 ಮತ್ತು 18ನೆಯ ಸೂಕ್ತಗಳು ತಿಳಿಸುತ್ತವೆ. ನಮ್ಮ ಸೇತುವೆ ಎಷ್ಟು ದೂರದಲ್ಲಿದೆಯೆಂದು ನಮ್ಮಲ್ಲಿ ಯಾರಿಗೆ ಗೊತ್ತು?

ಜನರು ಯು-ಟರ್ನ್ ಎಂದು ನಕ್ಕರೆ ನಗಲಿ. ಸತ್ಯದೆಡೆಗೆ ತಿರುಗುವವನು ನಾಚಬೇಕಾಗಿಲ್ಲ. ಆದರೆ ತಿರುಗಿದ ಬಳಿಕ ಒಮ್ಮೆ ವಾಹನದಿಂದ ಇಳಿಯೋಣ. ನಾವು ಸರಿಸಿದ ಕಲ್ಲನ್ನು ಅದರ ಜಾಗದಲ್ಲಿಟ್ಟು ಹೋಗೋಣ. ಕರುಣಾಮಯನಾದ ಅಲ್ಲಾಹನು ನಮ್ಮೆಲ್ಲರಿಗೂ ನಿಜವಾದ ತೌಬಾದ ಸೌಭಾಗ್ಯವನ್ನೂ, ಇತರರ ಹಕ್ಕುಗಳನ್ನು ಬದುಕಿರುವಾಗಲೇ ಸಲ್ಲಿಸುವ ಧೈರ್ಯವನ್ನೂ ಕರುಣಿಸಲಿ. ಆಮೀನ್.