ಬಾಯಿಪಾಠದ ಹಾಡು ಮತ್ತು ಅರ್ಥದ ಅರಿವು

ಇಂಗ್ಲಿಷ್ ಹಾಡೊಂದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡವರಿಗೆ ಅದರ ಸಾಲುಗಳು ತಡವರಿಸದೆ ಬರುತ್ತವೆ. ಆದರೆ ಸಾಲಿನ ಕ್ರಿಯಾಪದ ಯಾವುದು, ಅದು ಯಾವ ಕಾಲವನ್ನು ಸೂಚಿಸುತ್ತದೆ ಎಂದು ಕೇಳಿದರೆ ಉತ್ತರ ಹೊಳೆಯದೆ ಹೋಗಬಹುದು. ಅಂಥವರಿಗೆ ದಕ್ಕಿರುವುದು ಭಾಷೆಯೋ ಬರಿಯ ನಾದವೋ ಎಂಬ ಪ್ರಶ್ನೆ ಬೋಧನಕ್ರಮಕ್ಕೆ ಮಾತ್ರ ಸೇರಿದ್ದೆಂದು ಮೇಲ್ನೋಟಕ್ಕೆ ತೋರಿದರೂ, ಭಾರತೀಯ ಚಿಂತನೆಯಲ್ಲಿ ಅದು ಬಹಳ ಹಳೆಯದು. ಮಂತ್ರಗಳಿಗೆ ಅರ್ಥವೇ ಇಲ್ಲವೆಂಬ ಕೌತ್ಸನ ವಾದವನ್ನು ಎತ್ತಿಕೊಂಡು ಖಂಡಿಸಿದ ಯಾಸ್ಕನ ‘ನಿರುಕ್ತ’ದಲ್ಲಿ, ವೇದವನ್ನು ಕಲಿತೂ ಅರ್ಥವರಿಯದವನು ಹೊರೆ ಹೊತ್ತ ಕಂಬವೆಂಬ ಕಟುವಾದ ಮಾತು ಬರುತ್ತದೆ.

ಯಾಸ್ಕನ ಕಟುತ್ವವನ್ನು ಹಾಡು ಕಲಿಯುವವರಿಗೆ ಹಾಗೆಯೇ ಅನ್ವಯಿಸುವುದು ಅವಸರದ ತೀರ್ಪಾಗುತ್ತದೆ ಎಂಬುದು ಮೀಮಾಂಸಕರ ವಾಕ್ಯಾರ್ಥವಿಚಾರವನ್ನು ನೋಡಿದಾಗ ಸ್ಪಷ್ಟವಾಗುತ್ತದೆ. ಪದಗಳು ಮೊದಲು ತಮ್ಮ ತಮ್ಮ ಅರ್ಥವನ್ನು ತಿಳಿಸುತ್ತವೆ, ಆ ಬಳಿಕ ಅವು ಕೂಡಿ ವಾಕ್ಯಾರ್ಥವಾಗುತ್ತದೆ ಎಂಬುದು ಕುಮಾರಿಲ ಭಟ್ಟನ ಪರಂಪರೆಯ ಮತ. ಇದಕ್ಕೆ ಅಭಿಹಿತಾನ್ವಯವೆಂದು ಹೆಸರು. ಪದವು ಎಂದೂ ಒಂಟಿಯಾಗಿ ಅರ್ಥ ಕೊಡುವುದಿಲ್ಲ, ಉಳಿದ ಪದಗಳೊಡನೆ ಬೆಸೆದುಕೊಂಡ ಅರ್ಥವನ್ನೇ ಕೊಡುತ್ತದೆ ಎಂಬುದು ಪ್ರಭಾಕರನ ಅನ್ವಿತಾಭಿಧಾನ. ಮಗು ಭಾಷೆ ಕಲಿಯುವ ಬಗೆ ಇದಕ್ಕೆ ನಿದರ್ಶನ: ಹಿರಿಯನೊಬ್ಬ ಹಸುವನ್ನು ತರಲು ಹೇಳಿದಾಗ ಇನ್ನೊಬ್ಬ ತರುವುದನ್ನು ಮಗು ನೋಡುತ್ತದೆ. ಕುದುರೆಯನ್ನು ತರಲು, ಹಸುವನ್ನು ಕಟ್ಟಲು ಹೇಳಿದಾಗ ಏನಾಗುತ್ತದೆಂದು ಗಮನಿಸುತ್ತ, ಒಂದು ಪದ ಸೇರಿ ಇನ್ನೊಂದು ಬಿಟ್ಟುಹೋದಾಗ ಅರ್ಥ ಹೇಗೆ ಬದಲಾಯಿತೆಂಬುದರಿಂದ ಭಾಷೆಯನ್ನು ಬಿಡಿಸಿಕೊಳ್ಳುತ್ತದೆ. ಈ ಸೇರಿಸುವ ಮತ್ತು ತೆಗೆಯುವ ಕ್ರಮವನ್ನು ಆವಾಪ, ಉದ್ವಾಪ ಎಂದು ಕರೆಯಲಾಗಿದೆ.

ಪದಪಟ್ಟಿಯನ್ನೂ ನಿಯಮಗಳನ್ನೂ ಮುಂದಿಟ್ಟು ಕಲಿಸುವ ತರಗತಿ ಮೊದಲನೆಯ ಮತಕ್ಕೆ ಹತ್ತಿರವಾದರೆ, ಹಾಡು ಪ್ರಭಾಕರನ ದಾರಿ ಹಿಡಿಯುತ್ತದೆ: ಕ್ರಿಯಾಪದ, ಅದರ ಬೆನ್ನಿಗಿರುವ ಉಪಸರ್ಗ, ನಾಮಪದದ ಮುಂದಿನ ಆರ್ಟಿಕಲ್ ಎಲ್ಲವೂ ಅಲ್ಲಿ ಒಂದೇ ಎಳೆಯಲ್ಲಿ ಕಿವಿಗೆ ಬೀಳುತ್ತವೆ. ಒತ್ತಿಲ್ಲದ ಅಕ್ಷರಗಳನ್ನು ನುಂಗಿ ನಡೆಯುವ ಇಂಗ್ಲಿಷಿನ ಲಯ, ಅಕ್ಷರಕ್ಷರಕ್ಕೂ ತೂಕ ಕೊಟ್ಟು ನುಡಿಯುವ ಕನ್ನಡಿಗರಿಗೆ ಪುಸ್ತಕದಿಂದ ದಕ್ಕುವುದು ಕಷ್ಟ. ಕ್ಯಾರೊಲಿನ್ ಗ್ರಹಾಂ 1978ರಲ್ಲಿ ಪ್ರಕಟಿಸಿದ ‘ಜಾಝ್ ಚಾಂಟ್ಸ್’ ಈ ಲಯವನ್ನೇ ಪಾಠವಾಗಿಸಿತು. ರಾಗವು ಕೆಲವೊಮ್ಮೆ ಮಾತಿನ ಒತ್ತನ್ನು ಸ್ಥಳಾಂತರಿಸುವುದರಿಂದ, ಅಲ್ಲಿ ರಾಗವನ್ನು ಬಿಟ್ಟು ಆಡುಮಾತಿನ ತಾಳವನ್ನು ಮಾತ್ರ ಉಳಿಸಿಕೊಂಡದ್ದು ವಿವೇಕದ ಆಯ್ಕೆ.

ಆದರೆ ಹಾಡಿನಲ್ಲಿ ಯಾರೂ ಹಸುವನ್ನು ತರುವುದಿಲ್ಲ. ಪ್ರಭಾಕರನ ಮಗುವಿಗೆ ಕಣ್ಣೆದುರಿನ ವ್ಯವಹಾರವೇ ಅರ್ಥಕ್ಕೆ ಸಾಕ್ಷಿಯಾಗಿತ್ತು. ಹಾಡಿಗೆ ಆ ಸಾಕ್ಷಿಯಿಲ್ಲ. ಪಾಪ್ ಗೀತೆಗಳ ಭಾಷೆಯನ್ನು ಕುರಿತು 1992ರಲ್ಲಿ ಬರೆದ ಟಿಮ್ ಮರ್ಫಿ, ಅವುಗಳಲ್ಲಿ ಸ್ಥಳ, ಕಾಲ, ವ್ಯಕ್ತಿಗಳು ಬಹುಮಟ್ಟಿಗೆ ಅನಿರ್ದಿಷ್ಟವಾಗಿರುವುದನ್ನು ತೋರಿಸಿದರು. ಹಾಡಿನ ‘ನಾನು’, ‘ನೀನು’ ಯಾರೆಂದು ನಿಗದಿಯಾಗಿಲ್ಲದ ಕಾರಣ ಕೇಳುಗರು ತಮ್ಮ ಬಾಳನ್ನೇ ಅಲ್ಲಿ ತುಂಬಿಕೊಳ್ಳುತ್ತಾರೆ, ಪರಭಾಷೆಯ ವಾಕ್ಯ ಅವರದೇ ಆಗುತ್ತದೆ. ಆದರೆ ತಾವು ತುಂಬಿಕೊಂಡ ಅರ್ಥ ಸರಿಯೇ ಎಂದು ತಿಳಿಯಲು ಅವರಿಗೆ ಬೇರೊಂದು ಸಾಧನ ಬೇಕು. ಸಾಲಿನ ಒಂದು ಪದವನ್ನು ತೆಗೆದು ಮತ್ತೊಂದನ್ನು ಇಟ್ಟು, ಕಾಲವನ್ನು ಬದಲಿಸಿ, ಹೊಸ ವಾಕ್ಯವನ್ನು ಇನ್ನೊಬ್ಬರೊಡನೆ ಆಡಿ ನೋಡಿದಾಗ ಮಾತ್ರ, ಅಂದರೆ ಆವಾಪ-ಉದ್ವಾಪ ನಡೆದಾಗ ಮಾತ್ರ, ಬಾಯಿಪಾಠವು ಅರಿವಾಗುತ್ತದೆ. ಅರ್ಥ ತಡವಾಗಿ ಬರುವುದು ದೋಷವಲ್ಲ. ಅದು ಬರುವ ದಾರಿಯನ್ನೇ ಮುಚ್ಚಿಬಿಡುವುದು ದೋಷ.

ಹಾಡಿನ ವ್ಯಾಕರಣಕ್ಕೆ ಪ್ರಾಮಾಣ್ಯವಿದೆಯೇ ಎಂಬ ಆಕ್ಷೇಪವೂ ಏಳುತ್ತದೆ. ರೋಲಿಂಗ್ ಸ್ಟೋನ್ಸ್ 1965ರಲ್ಲಿ ಹೊರತಂದ ‘ಸ್ಯಾಟಿಸ್‌ಫ್ಯಾಕ್ಷನ್’ ಗೀತೆಯ ಪೂರ್ಣ ಶೀರ್ಷಿಕೆಯಲ್ಲೇ ಎರಡು ನಿಷೇಧಗಳಿವೆ; ಎರಡು ನಿಷೇಧಗಳು ಸೇರಿದರೆ ವಿಧಿಯಾಗುತ್ತದೆ ಎಂದು ರಾಬರ್ಟ್ ಲೌತ್ ಹದಿನೆಂಟನೆಯ ಶತಮಾನದ ತನ್ನ ವ್ಯಾಕರಣದಲ್ಲಿ ವಿಧಿಸಿದ್ದ. ಆದರೆ ಅದಕ್ಕೂ ಮೊದಲೇ ಚಾಸರನ ಇಂಗ್ಲಿಷಿನಲ್ಲಿ ಅಂಥ ಪ್ರಯೋಗ ಸಹಜವಾಗಿತ್ತು, ಆಫ್ರಿಕನ್ ಅಮೆರಿಕನ್ನರ ಆಡುಮಾತಿನಲ್ಲಿ ಇಂದಿಗೂ ಜೀವಂತವಾಗಿದೆ. ಗಡಿಗೆ ಬೇಕಾದವರು ಕುಂಬಾರನ ಮನೆಗೆ ಹೋಗುವಂತೆ ಪದ ಬೇಕಾದವರು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂದು ಪತಂಜಲಿಯ ‘ಮಹಾಭಾಷ್ಯ’ ಒಪ್ಪಿಕೊಳ್ಳುತ್ತದೆ. ಪ್ರಯೋಗ ಲೋಕದಲ್ಲಿ ಮೊದಲೇ ಇರುತ್ತದೆ, ಶಾಸ್ತ್ರವು ಅದರಲ್ಲಿ ಶಿಷ್ಟವಾದುದನ್ನು ಬೇರ್ಪಡಿಸುತ್ತದೆ. ಆದ್ದರಿಂದ ಅಂಥ ಸಾಲನ್ನು ತಪ್ಪೆಂದು ಹೊಡೆದುಹಾಕದೆ, ಅದು ಯಾರ ನಡುವೆ, ಯಾವ ಸಂದರ್ಭದಲ್ಲಿ ಸಲ್ಲುತ್ತದೆ ಎಂದು ತೋರಿಸಿಕೊಟ್ಟು, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅದು ಸಲ್ಲದೆಂಬುದನ್ನೂ ಜೊತೆಗೇ ತಿಳಿಸುವುದು ಶಿಕ್ಷಕರ ಹೊಣೆ.