ಹಳೆಯ ಕಾರಿಗೆ ಹೊಸ ಕಮಾನು

ಹಳೆಯ ವಸ್ತುವನ್ನು ಉಳಿಸಿಕೊಳ್ಳುವುದೆಂದರೆ ಅದನ್ನು ಇದ್ದಂತೆಯೇ ಇಡುವುದೋ, ಅದು ಮಾಡುತ್ತಿದ್ದ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡುವಂತೆ ತಿದ್ದುವುದೋ? ಪ್ರಶ್ನೆ ಬಹಳ ಹಿಂದಿನದು. ಮಿಲಿಂದ ರಾಜನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದದಲ್ಲಿ ಅದು ರಥದ ನೆಪದಲ್ಲಿ ಬರುತ್ತದೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲವೆಂದ ಮೇಲೆ ರಾಜ ಏರಿಬಂದದ್ದಾದರೂ ಏನನ್ನು?

ನಮ್ಮ ಮೂಕಂಡಪಲ್ಲಿಯಲ್ಲಿ ಈ ಪ್ರಶ್ನೆ ಕೇಳಲು ಪಾಳಿ ಗ್ರಂಥ ಬೇಕಿಲ್ಲ. ಹೊಸೂರೆಂದರೆ ವಾಹನಗಳ ಊರು. ಟಿವಿಎಸ್ ಮೋಟಾರು ಸೈಕಲ್ಲು, ಅಶೋಕ್ ಲೇಲ್ಯಾಂಡ್ ಲಾರಿ ಇಲ್ಲಿ ಹುಟ್ಟುತ್ತವೆ. ಗೇಬ್ರಿಯಲ್ ಕಂಪನಿಯ ಶಾಕ್ ಅಬ್ಸಾರ್ಬರುಗಳೂ ಇಲ್ಲೇ ತಯಾರಾಗುತ್ತವೆ. ಹೀಗಾಗಿ ಮನೆಯಲ್ಲಿ ಹಳೆಯ ಕಾರೊಂದನ್ನು ಅಕ್ಕರೆಯಿಂದ ಇಟ್ಟುಕೊಂಡವನಿಗೆ ಅದರ ಸಸ್ಪೆನ್ಷನ್ ಬದಲಿಸಿಬಿಡೋಣ ಎಂಬ ಆಸೆ ಸುಲಭವಾಗಿ ಹುಟ್ಟುತ್ತದೆ.

ಉದಾಹರಣೆಗೆ ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳೋಣ. ಇಟಲಿಯ ಫಿಯಟ್ 1100ರ ವಂಶದ್ದು. ಎಂಜಿನು 1089 ಸಿ.ಸಿ. ಮುಂಬಯಿಯಲ್ಲಿ ಇದರ ಕೊನೆಯ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಇದನ್ನು ವೇಗದ ಕಾರು ಎಂದರೆ ಇಂದಿನ ಹುಡುಗರು ನಗಬಹುದು. ಆದರೆ ಮದರಾಸಿನ ಬಳಿಯ ಸೋಳಾವರಂನಲ್ಲಿ, ಮಹಾಯುದ್ಧದ ಕಾಲದ ವಿಮಾನದಾರಿಯ ಮೇಲೆ, ತಿದ್ದಿ ತೀಡಿದ ಫಿಯಟ್ಟುಗಳು ಪಂದ್ಯ ಓಡಿದ್ದುಂಟು. ಮುಂಗಾಲಿಗಳಿಗೆ ಸುರುಳಿ ಸ್ಪ್ರಿಂಗು, ಹಿಂಗಾಲಿಗಳಿಗೆ ಕಮಾನು ಪಟ್ಟಿ. ಕಮಾನು ಎಂದರೆ ಪಾರಸಿಯಲ್ಲಿ ಬಿಲ್ಲು. ಬಿಲ್ಲುಗಾರನ ಆಯುಧ ಇಲ್ಲಿ ಸಂಸಾರದ ಭಾರ ಹೊರುತ್ತದೆ.

ಸ್ಪ್ರಿಂಗು ಭಾರ ಹೊರುತ್ತದೆ, ಆದರೆ ಒಮ್ಮೆ ಕುಣಿಯತೊಡಗಿದರೆ ತಾನಾಗಿ ಬೇಗ ನಿಲ್ಲದು. ಆ ಕುಣಿತವನ್ನು ಶಾಕ್ ಅಬ್ಸಾರ್ಬರು ತಡೆಯುತ್ತದೆ: ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಕರಗುತ್ತದೆ. ಅದು ಸವೆದರೆ ಟೈರು ನೆಲ ಬಿಟ್ಟು ನೆಲ ಹಿಡಿಯುತ್ತ ಓಡುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕು ಹಾಕಿ ಪ್ರಯೋಜನವಿಲ್ಲ. ಹಾಗಿರುವಾಗ "ಎಲ್ಲವೂ ಮೂಲದ್ದೇ" ಎಂಬ ಹೆಮ್ಮೆಗಾಗಿ ಎಣ್ಣೆ ಸೋರುವ ಅಬ್ಸಾರ್ಬರನ್ನು ಉಳಿಸಿಕೊಳ್ಳುವವನ ನಿಷ್ಠೆ ನನಗೆ ಅರ್ಥವಾಗುವುದಿಲ್ಲ. ಅವನು ಕಾಪಾಡುತ್ತಿರುವುದು ಕಾರನ್ನಲ್ಲ, ಕಾರಿನ ಫೋಟೋವನ್ನು.

ಸವೆದದ್ದನ್ನು ಬದಲಿಸುವುದು ಒಂದು ಮಾತು, ಮೇಲೇರಿಸುವುದು ಇನ್ನೊಂದು. ಗಟ್ಟಿ ಸ್ಪ್ರಿಂಗು, ಅನಿಲ ತುಂಬಿದ ಅಬ್ಸಾರ್ಬರು, ಅಗಲ ಟೈರು ಹಾಕಿದರೆ ಕಾರು ತಿರುವಿನಲ್ಲಿ ವಾಲುವುದಿಲ್ಲ. ಕೆಲವರು ಸುರುಳಿಯ ಒಂದು ಸುತ್ತನ್ನೇ ಕತ್ತರಿಸಿ ಕಾರನ್ನು ತಗ್ಗಿಸುತ್ತಾರೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಬಿರುಸಾಗುತ್ತದೆಂಬುದನ್ನು ಮರೆಯುತ್ತಾರೆ. ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ತಗಡಿನ ಒಡಲೇ ಅಸ್ಥಿಪಂಜರ. ಸ್ಪ್ರಿಂಗು ನುಂಗದೆ ಬಿಟ್ಟ ಪೆಟ್ಟು ತುಕ್ಕು ಹಿಡಿದ ಆ ತಗಡಿಗೆ ಹೋಗಿ ತಾಗುತ್ತದೆ.

ಇದಾದರೂ ಒಡೆಯನ ನಷ್ಟ, ಅವನ ಪಾಡು. ನನ್ನನ್ನು ಕಾಡುವುದು ಬೇರೆ. ಹಳೆಯ ಕಾರು ವಾಲುವುದು, ತೂರಾಡುವುದು ಬರೀ ದೋಷವಲ್ಲ. "ಸಾಕು, ನಿಧಾನಿಸು" ಎಂದು ಅದು ಚಾಲಕನಿಗೆ ಹೇಳುವ ರೀತಿ. ಕಮಾನು ತಿದ್ದಿದೊಡನೆ ಆ ಮಾತು ನಿಲ್ಲುತ್ತದೆ, ಅಂಜಿಕೆ ಹೋಗುತ್ತದೆ. ಬ್ರೇಕು ಮಾತ್ರ ನಾಲ್ಕೂ ಗಾಲಿಗಳಲ್ಲಿ ಅದೇ ಹಳೆಯ ಡ್ರಮ್ಮು. ಕಾದರೆ ಹಿಡಿತ ಕಳೆದುಕೊಳ್ಳುವಂಥದು. ಗಂಟೆಗೆ 60 ಕಿ.ಮೀ. ಇದ್ದ ವೇಗ 80 ಆದರೆ ಬ್ರೇಕು ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಏರುತ್ತದೆ. ಅಂಜಿಕೆಯೂ ಆ ಕಾರಿನ ಬ್ರೇಕಿನ ಒಂದು ಭಾಗವಾಗಿತ್ತು. ಅದನ್ನು ಕಳಚಿದವನು ಬದಲಿಗೆ ಏನನ್ನು ಜೋಡಿಸಿದ?

ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಇಂಥದೇ ವಾದ ಮುಂದಿಟ್ಟರು: ಕಾರಿನೊಳಗೆ ಕ್ಷೇಮ ಹೆಚ್ಚಿದರೆ ಚಾಲಕ ಅದನ್ನು ವೇಗಕ್ಕೆ ಖರ್ಚು ಮಾಡುತ್ತಾನೆ, ಹೊರಗೆ ನಡೆಯುವವನ ಅಪಾಯ ಹೆಚ್ಚುತ್ತದೆ ಎಂದು. ಅವರ ಲೆಕ್ಕದ ಬಗ್ಗೆ ವಾದ ವಿವಾದ ಬಹಳ ನಡೆದಿದೆ. ಆದರೆ ಪಾಳಿ ಬಿಡುವ ಹೊತ್ತಿಗೆ ನಮ್ಮ ಬೆಂಗಳೂರು–ಕೃಷ್ಣಗಿರಿ ಹೆದ್ದಾರಿಯ ಅಂಚಿನಲ್ಲಿ ದಾಟಲು ಕಾದು ನಿಂತ ಕಾರ್ಮಿಕರನ್ನು ಕಂಡವರಿಗೆ ಆ ಲೆಕ್ಕವೇ ಬೇಕೆಂದಿಲ್ಲ. ಕಾರಿನವನ ಸಂತೋಷದಲ್ಲಿ ಅವರಿಗೆ ಪಾಲಿಲ್ಲ, ಅಪಾಯದಲ್ಲಿ ಇದೆ.

ಕಾನೂನು ಇದೆಯಲ್ಲ ಎನ್ನಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೇರಳದಿಂದ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಕಾಸರಗೋಡಿನ ಓದುಗರಿಗೆ ನೆನಪಿರಬಹುದು. ಆದರೆ ಕಾಗದ ಕಾಣುವುದು ಎಂಜಿನ್ ನಂಬರನ್ನು, ಚಾಸಿ ನಂಬರನ್ನು. ವಾಹನ ಸಾಲದ ಕಡತ ನೋಡುವ ನಮಗೂ ಆ ಅಂಕಿ ಹೊಂದಿದರೆ ಅದೇ ಕಾರು! ನಾಗಸೇನ ಕೇಳಿದ್ದರೆ ನಗುತ್ತಿದ್ದನೋ ಏನೋ.

ತಿರುವಾರೂರಿನ ತ್ಯಾಗರಾಜ ದೇವಾಲಯದ ದೊಡ್ಡ ತೇರಿಗೆ ತಿರುಚ್ಚಿಯ ಬಿಎಚ್ಇಎಲ್ ಕಾರ್ಖಾನೆಯವರು ಕಬ್ಬಿಣದ ಗಾಲಿ, ಅಚ್ಚು ಮಾಡಿಕೊಟ್ಟರು. ಅದು ಹಳೆಯ ತೇರೇ ಅಲ್ಲವೆಂದು ಹಗ್ಗ ಹಿಡಿಯಲು ಯಾರೂ ಹಿಂಜರಿಯಲಿಲ್ಲ. ಸರಾಗವಾಗಿ ಉರುಳುವ ಗಾಲಿ ಕೊಟ್ಟವರು ಜೊತೆಗೇ ಹೈಡ್ರಾಲಿಕ್ ಬ್ರೇಕನ್ನೂ ಕೊಟ್ಟರು. ಬೀದಿಯ ಎರಡೂ ಬದಿಗೆ ಜನ ನಿಂತಿರುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಮೊದಲು ಬ್ರೇಕು, ಒಡಲಿನ ತುಕ್ಕು, ಆಮೇಲೆ ಕಮಾನು ಎಂದುಕೊಂಡವನು ಎಷ್ಟು ಬೇಕಾದರೂ ಮೇಲೇರಿಸಲಿ, ನನ್ನ ತಕರಾರಿಲ್ಲ. ಒಂದು ಸಂದೇಹ ಮಾತ್ರ ಉಳಿಯುತ್ತದೆ. ತನ್ನ ಕಾರಿನ ಮಿತಿ ಬಲ್ಲ ಒಡೆಯ ಎಚ್ಚರದಿಂದ ಓಡಿಸಿಯಾನು. ಅದನ್ನು ಕೊಂಡುಕೊಳ್ಳುವ ಹುಡುಗನಿಗೆ ಆ ಧೈರ್ಯ ಸಿಗುತ್ತದೆ, ಅದರ ಹಿಂದಿನ ತಿಳಿವಳಿಕೆ ಸಿಗುವುದಿಲ್ಲ. ಸ್ಪ್ರಿಂಗಿನ ಬಿರುಸನ್ನು ಬರೆದಿಡಲು ನೋಂದಣಿ ಪತ್ರದಲ್ಲಿ ಅಂಕಣವೂ ಇಲ್ಲ.